ವಿಧಾನಸೌಧ ನಮ್ಮದಾದದ್ದು ಯಾವಾಗ?

1/9 · ಎಷ್ಟು ಹಳೇದು ಹೇಳ್ರಿ?

ಮೊದಲ ಫೋಟೋ ನಿಮಗೆಲ್ಲ ಗೊತ್ತಿರೋದೇ. ಸಮಾಜ ವಿಜ್ಞಾನದ ಪುಸ್ತಕದಾಗ ನೋಡೀರಿ, ನ್ಯೂಸ್ ಚಾನೆಲ್‌ನವರ ಬೆನ್ನ ಹಿಂದೆ ದಿನಾ ನೋಡ್ತೀರಿ. ಗುಮ್ಮಟ, ಎತ್ತರದ ಕಂಬ, ಅಗಲವಾದ ಮೆಟ್ಟಿಲು. ಬೆಂಗಳೂರಿನ ವಿಧಾನಸೌಧ.

ಈಗ ಒಂದು ಪ್ರಶ್ನೆ. ಗೂಗಲ್ ಮಾಡಬ್ಯಾಡ್ರಿ. ಇದು ಎಷ್ಟು ವರ್ಷದ ಕಟ್ಟಡ?

ಕ್ಲಾಸಿನ್ಯಾಗ ನಾಲ್ಕು ಮಂದಿಗೆ ಕೇಳಿದೆ. ಒಬ್ಬ ಇನ್ನೂರು ವರ್ಷ ಅಂದ. ಒಬ್ಬಾಕಿ ಮೈಸೂರು ಮಹಾರಾಜರು ಕಟ್ಟಿಸಿದ್ದು ಅಂದಳು. ಇನ್ನೊಬ್ಬ ಸೀದಾ ವಿಜಯನಗರಕ್ಕೇ ಹೋದ. ತಪ್ಪು ಅವರದಲ್ಲ. ನೋಡಿದವರಿಗೆ ಹಾಗೇ ಅನ್ನಿಸಲಿ ಅಂತಲೇ ಅದನ್ನು ಕಟ್ಟಿದ್ದು.

ಸರಿಯಾದ ಉತ್ತರ: ಅಡಿಗಲ್ಲು ಬಿದ್ದದ್ದು 1951ರ ಜುಲೈ 13ರಂದು, ಇಟ್ಟವರು ಜವಾಹರಲಾಲ್ ನೆಹರು. ಕಟ್ಟಡ ಮುಗಿದದ್ದು 1956ರಲ್ಲಿ. ನಿಮ್ಮ ಅಜ್ಜನೋ ಅಜ್ಜಿಯೋ ಎಂಬತ್ತು ದಾಟಿದ್ದರೆ ವಿಧಾನಸೌಧಕ್ಕಿಂತ ಅವರೇ ಹಿರಿಯರು.

ಇನ್ನೊಂದು ಮಾತು ನೆನಪಿಡಿ. ಇದು ಅರಮನೆ ಅಲ್ಲ, ಗುಡಿಯೂ ಅಲ್ಲ. ಶಾಸಕರು ಕೂಡುವ ಸಭಾಂಗಣ ಬಿಟ್ಟರೆ ಉಳಿದದ್ದೆಲ್ಲ ಕಚೇರಿ. ಫೈಲು, ಕುರ್ಚಿ, ಫ್ಯಾನು, ಬಾಗಿಲ ಹೊರಗೆ ಬೆಂಚು. ಅಂದ್ರ ಇದೊಂದು ದೊಡ್ಡ ಆಫೀಸ್ ಬಿಲ್ಡಿಂಗ್.

ಹಾಗಾದರೆ ಆ ಕಾಲದಲ್ಲಿ ಜಗತ್ತಿನ ಬೇರೆ ಕಡೆ ಆಫೀಸು ಹೇಗೆ ಕಟ್ಟುತ್ತಿದ್ದರು? ಮುಂದಿನ ಪೋಸ್ಟ್ ನೋಡ್ರಿ.

2/9 · ಅದೇ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ

1952. ನ್ಯೂಯಾರ್ಕ್‌ನ ಪಾರ್ಕ್ ಅವೆನ್ಯೂದಲ್ಲಿ ಲೀವರ್ ಹೌಸ್ ಅನ್ನೋ 24 ಮಹಡಿಯ ಕಚೇರಿ ತೆರೆಯಿತು. ಲೀವರ್ ಅಂದ್ರ ಲೈಫ್‌ಬಾಯ್, ಲಕ್ಸ್ ಸೋಪಿನವರು. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಇವತ್ತಿಗೂ ಸಿಗುವ ಅದೇ ಸೋಪು.

ಸುತ್ತ ಇದ್ದ ಕಟ್ಟಡಗಳೆಲ್ಲ ಕಲ್ಲು, ಇಟ್ಟಿಗೆಯವು. ಇದೊಂದು ಮಾತ್ರ ಹಸಿರು-ನೀಲಿ ಗಾಜಿನ ಪೆಟ್ಟಿಗೆ. ಗೋಡೆ ಭಾರ ಹೊರಬೇಕಾಗಿಲ್ಲ, ಭಾರವೆಲ್ಲ ಒಳಗಿನ ಉಕ್ಕಿನ ಚೌಕಟ್ಟಿನ ಮೇಲೆ. ಹೊರಗಿನ ಗಾಜು ಬರೀ ಪರದೆ ಇದ್ದಂತೆ. ಕಿಟಕಿ ತೆಗೆಯಕ್ಕೆ ಬರಲ್ಲ, ಒಳಗೆಲ್ಲ ಎ.ಸಿ. ಗಾಜು ತೊಳೆಯುವವರು ತೊಟ್ಟಿಲಲ್ಲಿ ನಿಂತು ಮೇಲಿಂದ ಕೆಳಗೆ ಇಳಿಯುತ್ತ ತೊಳೆಯುತ್ತಿದ್ದರು, ಅದೂ ಕಂಪನಿಯ ಸ್ವಂತ ಸರ್ಫ್ ಪುಡಿಯಿಂದ! ಕಟ್ಟಡವೇ ಜಾಹೀರಾತು.

ಅಲ್ಲೇ ನದಿ ದಂಡೆಯಲ್ಲಿ ವಿಶ್ವಸಂಸ್ಥೆಯ 39 ಮಹಡಿಯ ಸಚಿವಾಲಯ ಎದ್ದದ್ದೂ ಅದೇ ಆಸುಪಾಸಿನಲ್ಲಿ. ಅದೂ ಗಾಜಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಂತೆ.

ಈ ಶೈಲಿಗೆ ಮಾಡರ್ನಿಸಂ ಅಂತಾರೆ, ಆಧುನಿಕತಾವಾದ. ಅದರ ಮಾತು ಸರಳ: ಕಟ್ಟಡ ಯಾವ ಕೆಲಸಕ್ಕೋ ಅದರಂತೆಯೇ ಕಾಣಬೇಕು. ಆಫೀಸಿಗೆ ಗುಮ್ಮಟ ಯಾಕೆ? ಗುಮಾಸ್ತರು ಕೂಡುವ ಕಡೆ ಗುಡಿಯ ಕಂಬ ಯಾಕೆ? ಉಕ್ಕು, ಸಿಮೆಂಟು, ಗಾಜು ಇದ್ದಾಗ ಕಲ್ಲು ಕೆತ್ತುತ್ತ ಕೂಡೋದು ಯಾಕೆ?

ಜಗತ್ತು ಹೀಗೆ ಹೊರಟಾಗ ಬೆಂಗಳೂರಿನಲ್ಲಿ ಸಾವಿರಾರು ಮಂದಿ ಉಳಿ-ಸುತ್ತಿಗೆ ಹಿಡಿದು ಕಲ್ಲು ಕಡಿಯುತ್ತಿದ್ದರು. ಯಾಕಿರಬಹುದು?

3/9 · ಒಬ್ಬ ನೆಹರು, ಎರಡು ದಾರಿ

ಇಂಡಿಯಾಕ್ಕೆ ಗಾಜು-ಕಾಂಕ್ರೀಟಿನ ಗಾಳಿ ಬಂದಿರಲಿಲ್ಲ ಅಂತ ತಿಳೀಬ್ಯಾಡ್ರಿ. ಬಂದಿತ್ತು, ಅದೂ ಜೋರಾಗಿ.

ದೇಶ ಒಡೆದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಹೊಸ ರಾಜಧಾನಿ ಬೇಕಾಯಿತು. ಅದೇ ಚಂಡೀಗಢ. 1951ರಲ್ಲಿ ಆ ಕೆಲಸಕ್ಕೆ ಬಂದವರು ಲೆ ಕಾರ್ಬೂಸಿಯೇ, ಆ ಕಾಲದ ಅತಿ ಪ್ರಸಿದ್ಧ ಆಧುನಿಕ ವಾಸ್ತುಶಿಲ್ಪಿ. ಹಳೆಯ ಸಂಪ್ರದಾಯಗಳ ಹಂಗಿಲ್ಲದ ಹೊಸ ಊರಾಗಲಿ ಅನ್ನೋದು ನೆಹರು ಆಸೆ. ಅಲ್ಲಿನ ಸಚಿವಾಲಯ 254 ಮೀಟರ್ ಉದ್ದದ ಕಾಂಕ್ರೀಟ್ ಕಟ್ಟಡ, 1958ಕ್ಕೆ ಮುಗಿಯಿತು. ಗುಮ್ಮಟ ಇಲ್ಲ, ಗೋಪುರ ಇಲ್ಲ, ಬಣ್ಣ ಸಹ ಇಲ್ಲ. ಒರಟು ಸಿಮೆಂಟು ಇದ್ದದ್ದು ಇದ್ದಂಗ.

ಆದರೆ ಲೆ ಕಾರ್ಬೂಸಿಯೇ ನ್ಯೂಯಾರ್ಕಿನ ಗಾಜಿನ ಪೆಟ್ಟಿಗೆಯನ್ನು ತಂದು ಇಲ್ಲಿ ಇಡಲಿಲ್ಲ. ಪಂಜಾಬಿನ ಬಿಸಿಲಿಗೆ ಅದು ಒಲೆಯಾಗುತ್ತದೆ. ಅದಕ್ಕೆ ಕಿಟಕಿಯ ಮುಂದೆ ಆಳವಾದ ಕಾಂಕ್ರೀಟಿನ ತಡೆಗಳನ್ನು ಕೊಟ್ಟರು. ಬೆಳಕು ಒಳಗೆ ಬರಬೇಕು, ನೇರ ಬಿಸಿಲು ಹೊರಗೇ ನಿಲ್ಲಬೇಕು. ನಮ್ಮ ಮನೆ ಕಿಟಕಿ ಮೇಲಿನ ಸಜ್ಜಾ ಮಾಡುವ ಕೆಲಸವೇ ಅದು, ದೊಡ್ಡದಾಗಿ. ಮೇ ತಿಂಗಳಲ್ಲಿ ಸಿಂಧನೂರಿನ ಬಿಸಿಲು ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಜಾ ನೋಡ್ರಿ. ಅದೇ 1951ರಲ್ಲಿ ಅದೇ ನೆಹರು ಬೆಂಗಳೂರಿಗೆ ಬಂದು ವಿಧಾನಸೌಧದ ಅಡಿಗಲ್ಲು ಇಟ್ಟರು. ಮುಂದೆ ಅದನ್ನು ನಾಡಿಗೆ ಅರ್ಪಿಸಿದ ಗುಡಿ ಅಂತ ಹೊಗಳಿದರು. ಒಂದೇ ದೇಶ, ಒಬ್ಬನೇ ಪ್ರಧಾನಿ, ಒಂದೇ ವರ್ಷ. ಒಂದು ಆಫೀಸು ಹಿಂದಿನದನ್ನು ಬಿಟ್ಟು ನಡೆಯಿತು, ಇನ್ನೊಂದು ಹಿಂದಿನದನ್ನು ಹೆಗಲ ಮೇಲೆ ಹೊತ್ತು ನಡೆಯಿತು.

4/9 · “ನಿಮ್ಮದು ಅಂತ ಏನೂ ಇಲ್ವಾ?”

ಅಡಿಗಲ್ಲು ಬಿದ್ದಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗ ಇದ್ದ ನಕ್ಷೆ ಸಣ್ಣದು, ಸರಳದ್ದು. 1952ರ ಮಾರ್ಚಿನಲ್ಲಿ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು. ನಕ್ಷೆಯೇ ಬದಲಾಯಿತು.

ಯಾಕೆ ಅನ್ನೋದಕ್ಕೆ ಅವರೇ ಹೇಳಿದ ಕಾರಣ ಒಂದಿದೆ. ರಷ್ಯಾದಿಂದ ಬಂದ ಸಾಂಸ್ಕೃತಿಕ ನಿಯೋಗಕ್ಕೆ ಬೆಂಗಳೂರು ತೋರಿಸುತ್ತಿದ್ದರಂತೆ. ಒಂದಾದ ಮೇಲೊಂದು ಯುರೋಪಿನ ಮಾದರಿಯ ಕಟ್ಟಡ. ಬಂದವರು ಕೇಳಿದರು: ನಿಮ್ಮದೇ ಅನ್ನುವ ವಾಸ್ತುಶಿಲ್ಪ ಇಲ್ಲವೇ? ಆ ಪ್ರಶ್ನೆ ಹನುಮಂತಯ್ಯನವರಿಗೆ ಚುಚ್ಚಿತು.

ಆಗಿನ ಪರಿಸ್ಥಿತಿ ನೆನೆಸಿಕೊಳ್ಳಿ. ಶಾಸನಸಭೆ ಕೂಡುತ್ತಿದ್ದದ್ದು ಎದುರಿನ ಕೆಂಪು ಕಟ್ಟಡದಲ್ಲಿ, ಅಠಾರಾ ಕಚೇರಿಯಲ್ಲಿ. 1860ರ ದಶಕದಲ್ಲಿ ಬ್ರಿಟಿಷ್ ಕಮಿಷನರ್ ಬೌರಿಂಗ್ ಕಾಲಕ್ಕೆ ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ್ದು. ಈಗ ಅದೇ ಹೈಕೋರ್ಟ್. ಸ್ವಾತಂತ್ರ್ಯ ಬಂದಿತ್ತು, ಆದರೆ ಕೂಡುವ ಕುರ್ಚಿ, ತಲೆ ಮೇಲಿನ ಸೂರು ಎರಡೂ ಬ್ರಿಟಿಷರ ಕಾಲದ್ದೇ.

ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ನೇತೃತ್ವದಲ್ಲಿ ಹೊಸ ನಕ್ಷೆ ತಯಾರಾಯಿತು. ದ್ರಾವಿಡ ಗುಡಿಗಳಿಂದ ಕಂಬ, ಕಪೋತ, ಗೋಪುರದ ಮಾದರಿ ಬಂತು. ರಾಜಸ್ಥಾನದ ಕಡೆಯ ಅಂಶಗಳೂ ಸೇರಿದವು. ಅದಕ್ಕೆ ನವ-ದ್ರಾವಿಡ ಶೈಲಿ ಅಂತ ಹೆಸರು. ನಡುವಿನ ಗುಮ್ಮಟದ ತಲೆಯ ಮೇಲೆ ಅಶೋಕನ ಸಿಂಹಗಳು.

ಅಶೋಕನ ಹೆಸರು ಇಲ್ಲಿ ನೆನಪಿಟ್ಟುಕೊಳ್ರಿ, ಮಸ್ಕಿಯವರು ವಿಶೇಷವಾಗಿ. ಕೊನೇ ಪೋಸ್ಟಿನಲ್ಲಿ ಬೇಕಾಗ್ತದ.

5/9 · ಕಲ್ಲು, ಕೈ, ಖರ್ಚು

ಲೆಕ್ಕ ನೋಡೋಣ.

ಉದ್ದ 700 ಅಡಿ, ಅಗಲ 350 ಅಡಿ. ಒಟ್ಟು 5 ಲಕ್ಷ ಚದರ ಅಡಿಗೂ ಹೆಚ್ಚು ಜಾಗ. ಮುಂಬಾಗಿಲ ಹತ್ತಿರ 40 ಅಡಿ ಎತ್ತರದ 12 ಕಂಬ. ಮೇಲೇರಲು 45 ಮೆಟ್ಟಿಲು. ನಡುಗುಮ್ಮಟದ ಅಡ್ಡಳತೆ 60 ಅಡಿ. ಸಚಿವ ಸಂಪುಟದ ಕೋಣೆಗೆ ಕೆತ್ತನೆಯ ಶ್ರೀಗಂಧದ ಬಾಗಿಲು. ಬೂದು ಗ್ರಾನೈಟ್ ಬೆಂಗಳೂರಿನ ಸುತ್ತಲಿನದು, ಜೊತೆಗೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಲ್ಲು.

ಕೆಲಸ ಮಾಡಿದವರು 5,000ಕ್ಕೂ ಹೆಚ್ಚು ಕೂಲಿಗಳು, ಅವರಲ್ಲಿ ಬಹುಪಾಲು ಜೈಲಿನ ಕೈದಿಗಳು. ಇವರ ಜೊತೆ ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ಸೇರಿ 1,500ರಷ್ಟು ಕುಶಲಕರ್ಮಿಗಳು. ಕಟ್ಟಿಸಿದವರ ಹೆಸರು ನಮಗೆ ಬಾಯಿಪಾಠ. ಕಟ್ಟಿದವರ ಹೆಸರು ಯಾವ ಪರೀಕ್ಷೆಯಲ್ಲೂ ಕೇಳಲ್ಲ.

ಖರ್ಚು ಸುಮಾರು 1.8 ಕೋಟಿ ರೂಪಾಯಿ. ಈಗ ಬೆಂಗಳೂರಿನಲ್ಲಿ ಒಂದು ಒಳ್ಳೆ ಫ್ಲಾಟಿನ ರೇಟು. ಆಗ ಅದು ಊರೆಲ್ಲ ಮಾತಾಡುವಷ್ಟು ದೊಡ್ಡ ಮೊತ್ತ. ಬಡ ರಾಜ್ಯಕ್ಕೆ ಇಂಥ ಅರಮನೆ ಬೇಕಿತ್ತಾ ಅಂತ ಟೀಕೆ ಎದ್ದಿತು, ಖರ್ಚಿನ ಮೇಲೆ ತನಿಖೆಯೂ ನಡೆಯಿತು.

ಈ ಟೀಕೆಯನ್ನು ತಳ್ಳಿಹಾಕಬ್ಯಾಡ್ರಿ, ಅದರಲ್ಲಿ ಹುರುಳಿದೆ. ಇನ್ನೊಂದು ಕಡೆಯ ಮಾತಿನಲ್ಲೂ ಹುರುಳಿದೆ: ರಾಜನಿಗೆ ಅರಮನೆ ಇರಬಹುದಾದರೆ ಪ್ರಜೆಗಳ ಸರ್ಕಾರಕ್ಕೆ ಯಾಕೆ ಇರಬಾರದು? ಬಾಗಿಲ ಮೇಲೆ ಬರೆಸಿದ್ದು “ಸರ್ಕಾರದ ಕೆಲಸ ದೇವರ ಕೆಲಸ”. ಓದಿ ಗೌರವ ಹುಟ್ಟಬಹುದು. ಆಫೀಸಿಗೆ ಹತ್ತು ಸಲ ಅಲೆದವರಿಗೆ ನಗುವೂ ಬರಬಹುದು.

6/9 · ಅಷ್ಟೊತ್ತಿಗೆ ನಾವೆಲ್ಲಿದ್ದೆವು?

ಇಲ್ಲಿಯವರೆಗೆ ಓದುವಾಗ “ನಮ್ಮ ಸರ್ಕಾರ”, “ನಮ್ಮ ಮುಖ್ಯಮಂತ್ರಿ” ಅಂತ ಮನಸ್ಸಿನಲ್ಲೇ ಅಂದುಕೊಂಡಿರಲ್ಲಾ? ತಡೀರಿ.

1951ರಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಯಾವುವೂ ಆ ರಾಜ್ಯದಲ್ಲಿ ಇರಲೇ ಇಲ್ಲ. ವಿಧಾನಸೌಧ ಎದ್ದದ್ದು ಮೈಸೂರು ರಾಜ್ಯಕ್ಕಾಗಿ. ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದ ಭಾಗ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆ, ಆಮೇಲೂ ರಾಜಧಾನಿ ಹೈದರಾಬಾದೇ. 1952ರಲ್ಲಿ ನಮ್ಮ ಕಡೆಯವರು ಓಟು ಹಾಕಿ ಆರಿಸಿದ ಶಾಸಕರು ಹೋಗಿ ಕೂತದ್ದು ಹೈದರಾಬಾದಿನ ವಿಧಾನಸಭೆಯಲ್ಲಿ. ಬೆಂಗಳೂರಿನಲ್ಲಿ ಕಲ್ಲು ಏರುತ್ತಿದ್ದಾಗ ಇಲ್ಲಿನವರ ಕಣ್ಣಿದ್ದದ್ದು ತುಂಗಭದ್ರೆಯ ಎಡದಂಡೆ ಕಾಲುವೆಯ ಮೇಲೆ.

ಕನ್ನಡ ಮಾತಾಡುವ ಪ್ರದೇಶಗಳೆಲ್ಲ ಒಂದೇ ರಾಜ್ಯವಾಗಬೇಕು ಅನ್ನುವ ಹೋರಾಟ ಆಗ ಬಿರುಸಾಗಿತ್ತು. ಆದರೆ ಹಳೇ ಮೈಸೂರಿನ ಬಹಳ ನಾಯಕರಿಗೆ ಅದು ಬೇಡವಾಗಿತ್ತು. ಉತ್ತರದ ಹಿಂದುಳಿದ ಜಿಲ್ಲೆಗಳು ಬಂದರೆ ನಮಗೆ ಹೊರೆ ಅನ್ನೋದು ಅವರ ಅಳುಕು. ಹೊರೆ ಅಂದ್ರ ಯಾರು? ನಾವೇ.

ಏಕೀಕರಣದ ಪರ ನಿಂತ ಹಳೇ ಮೈಸೂರಿನ ದೊಡ್ಡ ನಾಯಕರಲ್ಲಿ ಒಬ್ಬರು ಇದೇ ಹನುಮಂತಯ್ಯ. ಅದಕ್ಕಾಗಿ ತಮ್ಮವರ ಸಿಟ್ಟನ್ನೂ ಕಟ್ಟಿಕೊಂಡರು. 1956ರ ಆಗಸ್ಟಿನಲ್ಲಿ ಸ್ವಂತ ಪಕ್ಷದವರ ಬೆಂಬಲ ಕಳಕೊಂಡು ರಾಜೀನಾಮೆ ಕೊಟ್ಟರು. ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಹುಟ್ಟಿತು, ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ.

ಆವತ್ತು ನಮ್ಮ ತಾಲ್ಲೂಕುಗಳಿಗೆ ರಾಜಧಾನಿ ಬದಲಾಯಿತು. ನಮಗಾಗಿ ಕಟ್ಟಿರದ ಕಚೇರಿ ನಮ್ಮದಾಯಿತು.

7/9 · 400 ಕಿಲೋಮೀಟರ್

ಕಚೇರಿ ದೂರವಾದರೆ ಏನಾಗುತ್ತದೆ ಅನ್ನೋದು ನಮ್ಮ ಕಡೆಯವರಿಗೆ ಹೊಸದಲ್ಲ. ಲಿಂಗಸುಗೂರಿನವರು ಇದನ್ನ ಓದ್ರಿ.

ನಿಜಾಮರ ಕಾಲದಲ್ಲಿ ಲಿಂಗಸುಗೂರು ಒಂದು ಜಿಲ್ಲೆ. ಹೌದು, ಜಿಲ್ಲಾ ಕೇಂದ್ರ. ಹೈದರಾಬಾದ್ ಕಾಂಟಿಂಜೆಂಟಿನ ದಂಡೂ ಅಲ್ಲಿತ್ತು. 1905ರಲ್ಲಿ ಜಿಲ್ಲೆಗಳನ್ನು ಮತ್ತೆ ಹಂಚಿದಾಗ ಆ ಜಿಲ್ಲೆಯನ್ನೇ ಒಡೆದುಹಾಕಿದರು. ಲಿಂಗಸುಗೂರು ರಾಯಚೂರು ಜಿಲ್ಲೆಯ ತಾಲ್ಲೂಕಾಯಿತು. ಒಂದು ಆದೇಶ, ಒಂದು ಸಹಿ. ಊರು ಅಲ್ಲೇ ಇತ್ತು, ಆಫೀಸು ಹೋಯಿತು.

ವಿಧಾನಸೌಧ ನಮ್ಮಿಂದ ಸುಮಾರು 400 ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ಮೆಜೆಸ್ಟಿಕ್. ಇಳಿದು, ಮುಖ ತೊಳೆದು, ಆಫೀಸು ತೆರೆಯುವವರೆಗೆ ಕಾಯೋದು. ಹೋದವರಿಗೆ ಇನ್ನೊಂದು ಸತ್ಯವೂ ಗೊತ್ತು: ನಮ್ಮ ಕೆಲಸ ಬಹಳ ಸಲ ವಿಧಾನಸೌಧದಲ್ಲಿ ಇರೋದೇ ಇಲ್ಲ. “ಎಂ.ಎಸ್. ಬಿಲ್ಡಿಂಗ್‌ಗೆ ಹೋಗ್ರಿ” ಅಂತಾರೆ. ಪೂರ್ತಿ ಹೆಸರು ಬಹುಮಹಡಿ ಕಟ್ಟಡ. ಲೋಕಾಯುಕ್ತ ಕಚೇರಿ ಇರೋದು ಅಲ್ಲೇ. ಕೆತ್ತನೆ ಇಲ್ಲ, ಗುಮ್ಮಟ ಇಲ್ಲ. ಹೆಸರಿನಲ್ಲೂ ಅಲಂಕಾರ ಇಲ್ಲ.

ಅದೇ ಅಂಬೇಡ್ಕರ್ ವೀಧಿಯಲ್ಲಿ ವಿಶ್ವೇಶ್ವರಯ್ಯ ಕೇಂದ್ರ ಇದೆ. ಎಲ್.ಐ.ಸಿ.ಗಾಗಿ ಚಾರ್ಲ್ಸ್ ಕೊರಿಯಾ ಮಾಡಿದ ವಿನ್ಯಾಸ, 1974ರಿಂದ 1980ರ ಕೆಲಸ. ಇಂಡಿಯಾದ ಆಧುನಿಕ ವಾಸ್ತುಶಿಲ್ಪದಲ್ಲಿ ಕೊರಿಯಾ ದೊಡ್ಡ ಹೆಸರು. ಅಂದ್ರ 1951ರಲ್ಲಿ ಬೆಂಗಳೂರು ಬೇಡ ಅಂದಿದ್ದ ಮಾಡರ್ನಿಸಂ ಇಪ್ಪತ್ತು-ಮೂವತ್ತು ವರ್ಷದಲ್ಲಿ ಅದೇ ರಸ್ತೆಗೆ ಬಂದು ನಿಂತಿತು. ಸಭೆ, ಭಾಷಣ, ಫೋಟೋ ಕಲ್ಲಿನ ಕಟ್ಟಡಕ್ಕೆ. ಕ್ಯೂ, ಟಪಾಲು, ಫೈಲು ಹೆಚ್ಚಾಗಿ ಕಾಂಕ್ರೀಟಿನ ಕಟ್ಟಡಗಳಿಗೆ.

8/9 · ಮಿನಿ

ದೂರ ಕಮ್ಮಿ ಮಾಡಲು ಸರ್ಕಾರ ಒಂದು ದಾರಿ ಹುಡುಕಿತು. ತಹಸೀಲ್ದಾರ್ ಕಚೇರಿ, ಖಜಾನೆ, ನೋಂದಣಿ ಹೀಗೆ ಊರ ತುಂಬ ಚದುರಿದ ಕಚೇರಿಗಳನ್ನು ಒಂದೇ ಸೂರಿನಡಿ ತರುವುದು. ಹೆಸರು ಮಿನಿ ವಿಧಾನಸೌಧ. ಇತ್ತೀಚೆಗೆ ಅದನ್ನು ತಾಲ್ಲೂಕು ಆಡಳಿತ ಸೌಧ ಅಂತ ಬದಲಿಸಿದರೂ ಆಟೋದವರಿಗೆ ಮಿನಿ ವಿಧಾನಸೌಧ ಅಂದರೇ ತಿಳಿಯೋದು.

ಇನ್ನು ಮುಂದೆ ಇಂಥ ಕಟ್ಟಡದ ಮುಂದೆ ಹೋದಾಗ ಒಂದು ನಿಮಿಷ ನಿಂತು ನೋಡ್ರಿ. ರಾಜ್ಯದ ಬಹಳ ಕಡೆ ಒಳಗೆಲ್ಲ ಮಾಮೂಲಿ ಸಿಮೆಂಟಿನ ಚೌಕ ಕೋಣೆ, ಚಪ್ಪಟೆ ಛಾವಣಿ, ಕಿಟಕಿಗೆ ಸಜ್ಜಾ. ಮುಂದೆ ಮಾತ್ರ ಎರಡು ಕಂಬ, ಮೇಲೊಂದು ಪುಟ್ಟ ಗುಮ್ಮಟ. ಮೈ ಚಂಡೀಗಢದ್ದು, ಮುಖ ಬೆಂಗಳೂರಿನದು. ಆ ಗುಮ್ಮಟದ ಕೆಳಗೆ ಯಾವ ಸಭೆಯೂ ನಡೆಯಲ್ಲ. “ಇದು ಸರ್ಕಾರ” ಅಂತ ಗುರುತು ಹೇಳೋದಷ್ಟೇ ಅದರ ಕೆಲಸ.

ಈಗ ನಮ್ಮ ವಯಸ್ಸಿನವರ ಕಥೆ. ಪಿಯುಸಿ ಮುಗಿಸಿದವರೆಲ್ಲ 371(ಜೆ) ಪ್ರಮಾಣಪತ್ರಕ್ಕೆ ಓಡಾಡಿದವರೇ. ಸಹಿ ಆಗಬೇಕಾದದ್ದು ಉಪವಿಭಾಗದ ಸಹಾಯಕ ಆಯುಕ್ತರದ್ದು. ಸಿಂಧನೂರಿನವರಿಗೂ ಆ ಕಚೇರಿ ಲಿಂಗಸುಗೂರಿನಲ್ಲಿ. ಈ ಪತ್ರ ಯಾಕೆ ಇದೆ ಅಂತ ಯೋಚಿಸಿದ್ದೀರಾ? 1956ರಲ್ಲಿ ನಾವು ತಡವಾಗಿ ಬಂದವರು, ಹಿಂದೆಯೇ ಉಳಿದವರು. 2002ರ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ 70%, ರಾಜ್ಯದ ಉಳಿದ ಕಡೆ 8% ಸೀಟು ನಮ್ಮವರಿಗೆ.

ಅಂದ್ರ ಕೈಯಲ್ಲಿ ಹಿಡಿದ ಆ ಒಂದು ಹಾಳೆ ಈ ಎಂಟು ಪೋಸ್ಟಿನ ಸಾರಾಂಶ. ಅದು ಯಾರೋ ಹಾಕಿದ ಭಿಕ್ಷೆ ಅಲ್ಲ, ಹಳೇ ಬಾಕಿ. ಕೌಂಟರಿನ ಮುಂದೆ ಕುಗ್ಗಿ ನಿಲ್ಲಬೇಕಾಗಿಲ್ಲ.

9/9 · ಮಸ್ಕಿಯ ಕಲ್ಲು

ಅಶೋಕನ ಹೆಸರು ನೆನಪಿಡಿ ಅಂದಿದ್ದೆ.

ವಿಧಾನಸೌಧದ ಗುಮ್ಮಟಕ್ಕೆ ಸಿಂಹ ಕೂಡುವುದಕ್ಕೆ 2,200 ವರ್ಷ ಮೊದಲೇ ಅಶೋಕನ ಸರ್ಕಾರ ಮಸ್ಕಿಗೆ ಬಂದಿತ್ತು. ಕಟ್ಟಡ ಕಟ್ಟಲಿಲ್ಲ. ಗುಡ್ಡದಲ್ಲಿದ್ದ ಬಂಡೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಒಂದು ನೋಟಿಸು ಕೆತ್ತಿಸಿತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅದನ್ನು ಕಂಡರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಇದ್ದದ್ದು “ದೇವಾನಾಂಪ್ರಿಯ” ಅನ್ನುವ ಬಿರುದು ಮಾತ್ರ. ಅದು ಯಾರು ಅನ್ನೋದಕ್ಕೆ ಅಶೋಕ ಅನ್ನುವ ಹೆಸರನ್ನೇ ಜೊತೆಗೆ ಇಟ್ಟು ಸಾಕ್ಷಿ ಹೇಳಿದ್ದು ನಮ್ಮ ಮಸ್ಕಿಯ ಬಂಡೆ.

ಅದರಲ್ಲಿ ಏನಿದೆ ಗೊತ್ತಾ? ಒಳ್ಳೆಯ ಗುರಿ ಮುಟ್ಟೋದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬಾರದು, ಶ್ರಮಿಸಿದರೆ ಸಣ್ಣವರೂ ಮುಟ್ಟಬಹುದು, ಇದನ್ನು ಇಬ್ಬರಿಗೂ ತಿಳಿಸಿ ಹೇಳಬೇಕು ಅನ್ನೋದು ಅದರ ಸಾರ.

ಗುಮ್ಮಟ ಇರಬೇಕಾ, ಗಾಜು ಇರಬೇಕಾ ಅನ್ನುವ ವಾದ ವಾಸ್ತುಶಿಲ್ಪಿಗಳು ಮಾಡಲಿ, ಚೆಂದದ ವಾದ. ನಾನು ಆಫೀಸನ್ನು ಅಳೆಯೋದು ಈ ಬಂಡೆಯ ಮಾತಿನಿಂದ: ದೊಡ್ಡವರಿಗೂ ಸಣ್ಣವರಿಗೂ ಅದು ಒಂದೇ ಮಾತು ಹೇಳುತ್ತದಾ? ಹೇಳಿದರೆ ಸಿಮೆಂಟಿನ ಡಬ್ಬಿಯೂ ಸೌಧವೇ. ಹೇಳದಿದ್ದರೆ ಶ್ರೀಗಂಧದ ಬಾಗಿಲಿದ್ದರೂ ಅದು ಬರೀ ಬಾಗಿಲು.

ಮಸ್ಕಿ ಮೊನ್ನೆ ಮೊನ್ನೆಯವರೆಗೆ ಲಿಂಗಸುಗೂರು ತಾಲ್ಲೂಕಿನ ಹೋಬಳಿ, ಈಗ ಸ್ವಂತ ತಾಲ್ಲೂಕು. ಲಿಂಗಸುಗೂರು ಕಳಕೊಂಡ ಊರು, ಮಸ್ಕಿ ಪಡಕೊಂಡ ಊರು. ಎರಡೂ ಊರಿನ ದಾರಿ ನಡುವೆ ನಮ್ಮ ದಿನದ ಓಡಾಟ.

ನಿಮಗೊಂದು ಕೆಲಸ. ಈ ವಾರ ನಿಮ್ಮೂರಿನ ಸರ್ಕಾರಿ ಕಚೇರಿಗೆ ಹೋದಾಗ ಎರಡು ಫೋಟೋ ತೆಗೀರಿ. ಒಂದು ಅಡಿಗಲ್ಲಿನ ಫಲಕದ್ದು, ವರ್ಷ ಕಾಣುವಂತೆ. ಇನ್ನೊಂದು ಕಟ್ಟಡದ ಮುಂಭಾಗದ್ದು, ಗುಮ್ಮಟ ಇದ್ದರೂ ಸರಿ, ಬರೀ ಸಜ್ಜಾ ಇದ್ದರೂ ಸರಿ. ನನಗೆ ಕಳಿಸಿ. ಮೂರೂ ತಾಲ್ಲೂಕಿನವು ಸೇರಿದ ಮೇಲೆ ವರ್ಷದ ಸಾಲಿನಲ್ಲಿ ಜೋಡಿಸಿ ಹಾಕ್ತೀನಿ. ನಮ್ಮ ಕಚೇರಿಗಳ ಇತಿಹಾಸ ನಾವು ಬರೆಯದೆ ಇನ್ಯಾರು ಬರೀತಾರ?

ಹಾಂ, ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಇದೊಂದು ಕೇಳ್ರಿ: 1956ಕ್ಕಿಂತ ಮೊದಲು ದೊಡ್ಡ ಆಫೀಸಿನ ಕೆಲಸ ಬಿದ್ದರೆ ಯಾವ ಊರಿಗೆ ಹೋಗ್ತಿದ್ದರು? ಉತ್ತರ ಕಾಮೆಂಟಿನಲ್ಲಿ ಬರೀರಿ.

#ನಮ್ಮಕಚೇರಿನಮ್ಮಇತಿಹಾಸ #ಸಿಂಧನೂರು #ಲಿಂಗಸುಗೂರು #ಮಸ್ಕಿ #ಕಲ್ಯಾಣಕರ್ನಾಟಕ